ನಿಘಂಟನ್ನು ಮುಚ್ಚಿಸಿ ಓದಿಸುವ ಒಂದು ತರಗತಿ

ಬೆಂಗಳೂರಿನ ದಕ್ಷಿಣ ಭಾಗದ ಖಾಸಗಿ ಸಂಸ್ಥೆಯೊಂದು, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಉದ್ಯೋಗದಲ್ಲಿರುವವರಿಗಾಗಿ ಭಾನುವಾರಗಳಂದು ಇಂಗ್ಲಿಷ್ ಓದಿನ ತರಗತಿಯನ್ನು ನಡೆಸುತ್ತಿದೆ. ಮಾತನಾಡಲು ಕಲಿಸುವ, ಉಚ್ಚಾರಣೆ ತಿದ್ದುವ, ಸಂದರ್ಶನಕ್ಕೆ ಅಣಿಗೊಳಿಸುವ ಸಂಸ್ಥೆಗಳು ಬೀದಿಗೊಂದು ಸಿಗುವ ಈ ಊರಿನಲ್ಲಿ, ಓದುವುದನ್ನು ಮಾತ್ರ ಕಲಿಸುತ್ತೇವೆ ಎಂದು ಮುಂದೆ ಬಂದವರು ಕಡಿಮೆ. ಆ ಒಂದು ಕಾರಣಕ್ಕಾಗಿಯೇ ನಾನು ಸೇರಿದೆ. ಹತ್ತು ವಾರಗಳ ಅವಧಿ, ಪ್ರತಿ ಭಾನುವಾರ ಬೆಳಿಗ್ಗೆ ಎರಡೂವರೆ ಗಂಟೆಯ ಪಾಠ, 4,500 ರೂಪಾಯಿ ಶುಲ್ಕ, ಆ ಶುಲ್ಕದಲ್ಲೇ ಒಂದು ಅಭ್ಯಾಸ ಪುಸ್ತಿಕೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಸುತ್ತೋಲೆಗಳ ಇಂಗ್ಲಿಷ್ ಅಭ್ಯಾಸವಾಗಿದೆ. ಆದರೆ ಪತ್ರಿಕೆಯ ಸಂಪಾದಕೀಯವನ್ನೋ ಒಂದು ದೀರ್ಘ ಲೇಖನವನ್ನೋ ಕೈಗೆತ್ತಿಕೊಂಡರೆ ಪ್ಯಾರಾಕ್ಕೆ ಮೂರು ಸಲ ನಿಂತು ನಿಂತು ಹೋಗಬೇಕಾಗುತ್ತದೆ. ನನ್ನಂಥವರೇ ಆ ಕೋಣೆಯಲ್ಲಿ ಹೆಚ್ಚಾಗಿದ್ದರು.

ತರಗತಿಯ ಇಡೀ ಭರವಸೆ ನಿಂತಿರುವುದು ಒಂದೇ ವಿಧಾನದ ಮೇಲೆ. ಗೊತ್ತಿಲ್ಲದ ಪದ ಎದುರಾದಾಗ ಓದನ್ನು ನಿಲ್ಲಿಸಿ ನಿಘಂಟನ್ನು ತೆರೆಯಬಾರದು. ಆ ಪದದ ಹಿಂದೆ ಮುಂದೆ ಇರುವ ಮಾತುಗಳಿಂದ, ವಾಕ್ಯದ ಕಟ್ಟಡದಿಂದ, ಪ್ರಸಂಗದಿಂದ ಅದರ ಅರ್ಥವನ್ನು ಊಹಿಸಿ ಮುಂದೆ ಹೋಗಬೇಕು. ಕರಪತ್ರದಲ್ಲಿ ಇದನ್ನು 'ನಿಘಂಟು ಇನ್ನು ಬೇಕಿಲ್ಲ' ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ. ಇಂಥದೇ ತರಗತಿಗಳನ್ನು ಬೇರೆಯವರೂ ನಡೆಸುತ್ತಿರುವುದರಿಂದ ಸಂಸ್ಥೆಯ ಹೆಸರಿಗಿಂತ ವಿಧಾನದ ಗುಣಾವಗುಣಗಳೇ ಓದುಗರಿಗೆ ಉಪಯೋಗಕ್ಕೆ ಬರುತ್ತವೆ ಎಂದುಕೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಲಿಸುವ ವಿಧಾನ ಒಳ್ಳೆಯದು, ಕರಪತ್ರದ ಮಾತು ಸುಳ್ಳು, ಪುಸ್ತಿಕೆ ಸಾಧಾರಣ, ಕೊನೆಯ ನಾಲ್ಕು ವಾರಗಳ ಪಾಠ ಮಾತ್ರ ಕೊಟ್ಟ ಹಣಕ್ಕೆ ಸಲ್ಲುವಂಥದು.

ಮೊದಲ ವಾರಗಳು ಪೂರ್ತಿಯಾಗಿ ಪುಸ್ತಿಕೆಯನ್ನು ಅವಲಂಬಿಸಿವೆ. ಸುಳಿವುಗಳನ್ನು ಅದರಲ್ಲಿ ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪದದ ಪಕ್ಕದಲ್ಲೇ ಅರ್ಥ ಹೇಳಿರುವುದು, ಸಮಾನಾರ್ಥಕ ಪದವನ್ನು ಇಟ್ಟಿರುವುದು, ವಿರುದ್ಧಾರ್ಥಕವನ್ನು ಎದುರಿಗಿಟ್ಟಿರುವುದು, ಉದಾಹರಣೆಗಳನ್ನು ಕೊಟ್ಟಿರುವುದು, ಕಾರಣ ಮತ್ತು ಪರಿಣಾಮಗಳಿಂದ ತಿಳಿಯುವಂತೆ ಮಾಡಿರುವುದು. ಇಂಗ್ಲಿಷ್ ಕಲಿಸುವ ಎಲ್ಲ ಕಡೆಯೂ ಬಳಕೆಯಲ್ಲಿರುವ ವಿಂಗಡಣೆ ಇದು, ತಪ್ಪೇನೂ ಇಲ್ಲ. ಅಭ್ಯಾಸದ ವಾಕ್ಯಗಳು ಹೀಗಿರುತ್ತವೆ: ಅಕ್ಕ ಒಂದೊಂದು ಪೈಸೆಯನ್ನೂ ಲೆಕ್ಕ ಹಾಕಿ ಖರ್ಚು ಮಾಡುತ್ತಾಳೆ, ಅವಳಂತಲ್ಲದ ತಮ್ಮ 'ಪ್ರಾಡಿಗಲ್', ಸಂಬಳ ಬಂದ ವಾರದಲ್ಲೇ ಅವನ ಜೇಬು ಖಾಲಿ. ಪ್ರಾಡಿಗಲ್ ಎಂದರೆ ದುಂದುಗಾರ ಎಂದು ತಿಳಿಯಲು ಇಲ್ಲಿ ಯಾರಿಗೂ ಅರ್ಧ ನಿಮಿಷ ಬೇಕಾಗುವುದಿಲ್ಲ. ಅದೇ ಈ ವಾಕ್ಯದ ದೋಷವೂ ಹೌದು. ಮುಂದೆ ಅಕ್ಕ, ಹಿಂದೆ ಖಾಲಿ ಜೇಬು ಎಂದು ಎರಡು ಕಡೆಯಿಂದ ಬೆಳಕು ಹಿಡಿದು, ನಡುವೆ ಪದವನ್ನು ಕೂರಿಸಿ ಕೊಟ್ಟರೆ ಊಹಿಸುವ ಕೆಲಸವನ್ನು ವಾಕ್ಯ ಬರೆದವರೇ ಮುಗಿಸಿರುತ್ತಾರೆ. ಪುಸ್ತಿಕೆಯ ಮುಕ್ಕಾಲು ಪಾಲು ಇಂಥ ವಾಕ್ಯಗಳಿಂದಲೇ ತುಂಬಿದೆ. ತರಗತಿಯಲ್ಲಿ ಎಲ್ಲರಿಗೂ ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು ಅಂಕ ಬರುತ್ತಿದ್ದವು. ಮನೆಗೆ ಹೋಗಿ ಪತ್ರಿಕೆ ತೆರೆದರೆ ಹಿಂದಿನ ವಾರದ ಕಷ್ಟವೇ ಮುಂದುವರಿಯುತ್ತಿತ್ತು ಎಂದು ಸಹಪಾಠಿಗಳು ಚಹಾದ ಬಿಡುವಿನಲ್ಲಿ ಹೇಳಿಕೊಳ್ಳುತ್ತಿದ್ದರು.

ಈ ವಾರಗಳಲ್ಲೂ ಒಂದು ಪಾಠ ಚೆನ್ನಾಗಿತ್ತು, ಅದು ಪುಸ್ತಿಕೆಯಲ್ಲಿ ಇಲ್ಲದ್ದು. ಕನ್ನಡದಲ್ಲಿ ಒಂದು ವಸ್ತುವನ್ನು ವಿವರಿಸುವ ಮಾತುಗಳೆಲ್ಲ ಆ ವಸ್ತುವಿನ ಹೆಸರಿಗಿಂತ ಮೊದಲೇ ಬಂದುಬಿಡುತ್ತವೆ. 'ನಿನ್ನೆ ಸಂಜೆ ಮಾರುಕಟ್ಟೆಯಲ್ಲಿ ನಮಗೆ ಸಿಕ್ಕಿದ ಆ ಎತ್ತರದ ಮನುಷ್ಯ' ಎನ್ನುವಾಗ ಮನುಷ್ಯ ಎಂಬ ಪದವನ್ನು ಮುಟ್ಟುವ ಹೊತ್ತಿಗೆ ಅವನ ವಿಚಾರ ತಿಳಿದಿರುತ್ತದೆ. ಇಂಗ್ಲಿಷಿನಲ್ಲಿ ಹೆಸರು ಮೊದಲು ಬಂದು, ಅದರ ವಿವರಣೆ 'ಹೂ', 'ವಿಚ್', 'ದಟ್' ಎಂಬ ಪದಗಳ ಹಿಂದೆಯೋ, ಬರೀ ಒಂದು ಅಲ್ಪವಿರಾಮದ ಹಿಂದೆಯೋ ಆಮೇಲೆ ಬರುವುದು ಸಾಮಾನ್ಯ. ಹೀಗಾಗಿ ಕನ್ನಡದಲ್ಲಿ ಓದಿ ಬೆಳೆದವರು ಅಪರಿಚಿತ ಪದ ಸಿಕ್ಕ ಕೂಡಲೇ, ತಮಗೆ ಗೊತ್ತಿಲ್ಲದಂತೆಯೇ, ಅದುವರೆಗೆ ಓದಿದ್ದರಲ್ಲಿ ಅರ್ಥವನ್ನು ಹುಡುಕಲು ತೊಡಗುತ್ತಾರೆ. ಅಲ್ಲಿ ಸಿಗದಿದ್ದರೆ ನಿಲ್ಲುತ್ತಾರೆ. ಅರ್ಥ ಇರುವುದು ಪದದ ಆಚೆಗೆ, ಇನ್ನೂ ಓದದ ನಾಲ್ಕು ಪದಗಳಲ್ಲಿ. ನಮ್ಮ ಮೇಷ್ಟ್ರು ಇದನ್ನು ಹಲಗೆಯ ಮೇಲೆ ಎರಡು ಭಾಷೆಗಳ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ತೋರಿಸಿ, ಪದ ಸಿಕ್ಕಿದಲ್ಲಿ ನಿಲ್ಲದೆ ವಾಕ್ಯದ ಪೂರ್ಣವಿರಾಮದವರೆಗೆ ಹೋಗಿ ಆಮೇಲೆ ಹಿಂದಿರುಗಿ ನೋಡುವ ಅಭ್ಯಾಸವನ್ನು ಮಾಡಿಸಿದರು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗಾಗಿ ಬರೆದ ಪುಸ್ತಕಗಳಲ್ಲಿ ಈ ಮಾತು ಇರುವುದಿಲ್ಲ, ಇರಬೇಕಾದ ಅಗತ್ಯವೂ ಅವರಿಗಿಲ್ಲ. ನಮ್ಮಂಥವರಿಗೆ ಪಾಠ ಮಾಡುವವರು ಇದನ್ನೇ ಮೊದಲ ದಿನ ಹೇಳಬೇಕಿತ್ತು.

ಅದರ ಜೊತೆಗೇ ಸಂಬಂಧಸೂಚಕ ಪದಗಳ ಪಾಠವೂ ನಡೆಯಿತು. 'ಅನ್‌ಲೈಕ್', 'ಆಲ್‌ದೋ', 'ಡಿಸ್‌ಪೈಟ್', 'ವೇರ್‌ಆ್ಯಜ್', 'ಅನ್‌ಲೆಸ್' ಇಂಥ ಪುಟ್ಟ ಪದಗಳು ಗೊತ್ತಿಲ್ಲದಿದ್ದರೆ ದೊಡ್ಡ ಪದದ ಅರ್ಥವನ್ನು ಊಹಿಸುವ ದಾರಿಯೇ ತಿರುವುಮುರುವಾಗುತ್ತದೆ ಎಂಬುದು ಇದರ ತಿರುಳು. 'ಹಾರ್ಡ್‌ಲಿ' (ಇಲ್ಲವೆಂಬಷ್ಟು ಕಡಿಮೆ) ಎಂಬುದನ್ನು 'ಕಷ್ಟಪಟ್ಟು' ಎಂದು ತಿಳಿದವರು ತರಗತಿಯಲ್ಲಿ ಹಲವರಿದ್ದರು. 'ಅವನು ಹಾರ್ಡ್‌ಲಿ ಕೆಲಸ ಮಾಡುತ್ತಾನೆ' ಎಂಬ ವಾಕ್ಯದ ನಂತರ ಬರುವ 'ಇಂಡೊಲೆಂಟ್' (ಸೋಮಾರಿ) ಎಂಬ ಪದಕ್ಕೆ ಅವರು 'ಶ್ರಮಜೀವಿ' ಎಂದು ಅರ್ಥ ಹೇಳಿದರು. ಅವರ ಊಹೆಯಲ್ಲಿ ತರ್ಕದ ತಪ್ಪಿರಲಿಲ್ಲ. ಸುಳಿವೇ ತಲೆಕೆಳಗಾಗಿ ಓದಿಕೊಂಡದ್ದಾಗಿತ್ತು. ಸುಳಿವುಗಳನ್ನು ಬಳಸಲು ಕಲಿಸುವ ಮೊದಲು ಸುಳಿವನ್ನು ಹೊತ್ತು ತರುವ ಪದಗಳನ್ನು ಕಲಿಸಬೇಕು ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಇಷ್ಟು ಮುಖ್ಯವಾದ ಪಾಠಕ್ಕೆ ಒಂದು ಭಾನುವಾರದ ಅರ್ಧ ಭಾಗವನ್ನಷ್ಟೇ ಕೊಟ್ಟು, ವಿರುದ್ಧಾರ್ಥಕಗಳ ಪಟ್ಟಿಗೆ ಪೂರ್ತಿ ಎರಡು ಭಾನುವಾರಗಳನ್ನು ಕೊಟ್ಟದ್ದು ಏಕೆಂದು ನನಗೆ ತಿಳಿಯಲಿಲ್ಲ.

ಐದನೆಯ ವಾರದಿಂದ ಊಹಿಸುವ ಕ್ರಮವನ್ನು ಹಂತ ಹಂತವಾಗಿ ಹೇಳಿಕೊಟ್ಟರು. ಗೊತ್ತಿಲ್ಲದ ಪದ ನಾಮಪದವೋ, ಕ್ರಿಯಾಪದವೋ, ವಿಶೇಷಣವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು, ಅದೇ ವಾಕ್ಯದೊಳಗೆ ಯಾರು ಏನನ್ನು ಮಾಡುತ್ತಿದ್ದಾರೆ ಎಂದು ನೋಡುವುದು, ಆಮೇಲೆ ಹಿಂದಿನ ಮತ್ತು ಮುಂದಿನ ವಾಕ್ಯಗಳಿಗೆ ಈ ವಾಕ್ಯದ ಸಂಬಂಧವೇನೆಂದು ನೋಡುವುದು, ಅನಂತರ ಊಹಿಸುವುದು, ಕೊನೆಗೆ ಆ ಊಹೆಯನ್ನು ಪದದ ಜಾಗದಲ್ಲಿಟ್ಟು ವಾಕ್ಯ ಕೂಡುತ್ತದೆಯೇ ಎಂದು ಪರೀಕ್ಷಿಸುವುದು. ಎರಡನೆಯ ಭಾಷೆಯ ಪದಕಲಿಕೆಯ ಬಗ್ಗೆ ಬಹಳ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಅವರು ಕ್ಲಾರ್ಕ್ ಅವರೊಡನೆ 1980ರಲ್ಲೇ ಹೇಳಿದ ಕ್ರಮ ಇದು. ಸಂಸ್ಥೆಯವರು ಇದನ್ನು 'ನಮ್ಮದೇ ಪದ್ಧತಿ' ಎಂದು ಪುಸ್ತಿಕೆಯಲ್ಲಿ ಹೇಳಿಕೊಂಡಿರುವುದು ಸರಿಯಲ್ಲವಾದರೂ, ಆ ಕ್ರಮದ ಒಂದು ಸೂಕ್ಷ್ಮವನ್ನು ಅವರು ಬಿಡದೆ ಉಳಿಸಿಕೊಂಡಿದ್ದಾರೆ: ಪದವನ್ನು ಒಡೆದು, ಅದರ ಮುಂದಿನ ತುಂಡು ಇದು, ಹಿಂದಿನ ತುಂಡು ಅದು ಎಂದು ನೋಡುವ ಕೆಲಸವನ್ನು ಕೊನೆಗೆ, ಊಹೆಯನ್ನು ಪರೀಕ್ಷಿಸುವುದಕ್ಕೆ ಮಾತ್ರ ಬಳಸಬೇಕು. ಸಂಸ್ಕೃತದ ಉಪಸರ್ಗಗಳನ್ನು ಶಾಲೆಯಲ್ಲಿ ಕಲಿತ ನಮಗೆ ಪದವನ್ನು ಒಡೆಯುವುದರಲ್ಲಿ ಅತಿಯಾದ ಉತ್ಸಾಹವಿರುತ್ತದೆ. 'ಇನ್' ಎಂದು ಮೊದಲಾದರೆ ನಿಷೇಧ ಎಂದು ಕಲಿತವರು 'ಇನ್‌ವ್ಯಾಲ್ಯುಅಬಲ್' ಎಂದರೆ ಬೆಲೆಯಿಲ್ಲದ್ದು ಎಂದೂ, 'ಇನ್‌ಫ್ಲೇಮಬಲ್' ಎಂದರೆ ಬೆಂಕಿ ಹತ್ತದ್ದು ಎಂದೂ ಹೇಳುತ್ತಾರೆ. ಮೊದಲನೆಯದು ಬೆಲೆಕಟ್ಟಲಾಗದಷ್ಟು ಅಮೂಲ್ಯ. ಎರಡನೆಯದು ಸುಲಭವಾಗಿ ಹೊತ್ತಿಕೊಳ್ಳುವಂಥದು. ಟ್ಯಾಂಕರ್ ಲಾರಿಯ ಹಿಂಬದಿಯಲ್ಲಿ ಬರೆದಿರುವ ಪದದ ವಿಷಯದಲ್ಲಿ ಈ ಬಗೆಯ ವ್ಯಾಕರಣ ಪಾಂಡಿತ್ಯ ಒಳ್ಳೆಯದಲ್ಲ.

ಏಳನೆಯ ವಾರ ಮೇಷ್ಟ್ರು ಬದಲಾದರು, ತರಗತಿಯ ಸ್ವರೂಪವೂ ಬದಲಾಯಿತು. ಹೊಸದಾಗಿ ಬಂದವರು ವಿಜಯಪುರದ ಕಡೆಯವರು. ಪುಸ್ತಿಕೆಯನ್ನು ಮೂಲೆಗೆ ಸರಿಸಿ, ಇಂಗ್ಲಿಷನ್ನೂ ಬದಿಗಿಟ್ಟು, ತಾವೇ ಬರೆದು ತಂದಿದ್ದ ಒಂದು ಕನ್ನಡದ ತುಣುಕನ್ನು ವಾಕ್ಯಕ್ಕೊಂದು ವಾಕ್ಯದಂತೆ ಹಲಗೆಯ ಮೇಲೆ ಬರೆಯುತ್ತಾ ಹೋದರು. ಮೊದಲನೆಯ ವಾಕ್ಯ: 'ಆ ವರ್ಷ ಮಳೆ ಕೈಕೊಟ್ಟಿತು.' ಎರಡನೆಯದು: 'ಗೌಡರು ಹಗೇವು ತೆಗೆಸಲು ಹೇಳಿದರು.' ಹಗೇವು ಎಂದರೇನು ಎಂದು ಕೇಳಿದಾಗ, ಬೆಂಗಳೂರು, ಮೈಸೂರು, ತುಮಕೂರಿನ ಕಡೆಯಿಂದ ಬಂದಿದ್ದ ಎಲ್ಲರೂ ಬಾವಿ ಎಂದರು. ಮಳೆಯಿಲ್ಲ, ಏನನ್ನೋ ತೆಗೆಸುತ್ತಿದ್ದಾರೆ, ಬಾವಿಯಲ್ಲದೆ ಇನ್ನೇನು? ಮೂರನೆಯ ವಾಕ್ಯ: 'ಆಳುಗಳು ಬಾಯಿಗೆ ಮುಚ್ಚಿದ್ದ ಕಲ್ಲು ಮಣ್ಣು ಸರಿಸಿ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರು.' ಹಾಳುಬಿದ್ದ ಹಳೆಯ ಬಾವಿ ಇರಬೇಕು ಎಂದರು. ನಾಲ್ಕನೆಯದು: 'ಹಗ್ಗ ಕಟ್ಟಿ ಉರಿಯುವ ಕಂದೀಲನ್ನು ಒಳಗೆ ಇಳಿಬಿಟ್ಟು ನೋಡಿದರು, ದೀಪ ಆರಲಿಲ್ಲ, ಒಬ್ಬ ಇಳಿದ.' ಬಾವಿ ಎಂಬುದು ಈಗ ಎಲ್ಲರಿಗೂ ಖಚಿತವಾಯಿತು. ರಾಯಚೂರಿನ ಕಡೆಯ ಒಬ್ಬರು ಮಾತ್ರ ಹಿಂದಿನ ಬೆಂಚಿನಲ್ಲಿ ನಗುತ್ತಾ ಸುಮ್ಮನೆ ಕೂತಿದ್ದರು. ಕೊನೆಯ ವಾಕ್ಯ: 'ಸಂಜೆಯ ಹೊತ್ತಿಗೆ ಇಪ್ಪತ್ತು ಚೀಲ ಜೋಳ ಮೇಲೆ ಬಂದಿತ್ತು.'

ಉತ್ತರ ಕರ್ನಾಟಕದಲ್ಲಿ ಧಾನ್ಯವನ್ನು ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿಯೇ ಹಗೇವು. ಮುಚ್ಚಿದ ಗುಂಡಿಯೊಳಗೆ ಧಾನ್ಯವೂ ಉಸಿರಾಡುವುದರಿಂದ ಅಲ್ಲಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಆದ್ದರಿಂದ ಬಾಯಿ ತೆರೆದು ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ ಇಳಿಯುತ್ತಿದ್ದ. ಬಾವಿ ಎಂಬ ಊಹೆ ಅವಿವೇಕದ್ದಲ್ಲ. ನಾಲ್ಕು ವಾಕ್ಯಗಳ ಒಂದೊಂದು ಸುಳಿವೂ ಅದನ್ನು ಬೆಂಬಲಿಸುತ್ತಲೇ ಹೋಯಿತು. ಸುಳಿವುಗಳು ಹೆಚ್ಚಾದಷ್ಟೂ ಊಹೆ ಸರಿಯಾಗುತ್ತದೆ ಎಂದು ಪುಸ್ತಿಕೆಯಲ್ಲಿ ಆರು ವಾರ ಓದಿದವರಿಗೆ, ಎಲ್ಲ ಸುಳಿವುಗಳೂ ಒಟ್ಟಾಗಿ ಒಂದೇ ತಪ್ಪು ಕಡೆಗೆ ಕೈ ತೋರಿಸಬಲ್ಲವು ಎಂಬುದು ಆ ಹತ್ತು ನಿಮಿಷಗಳಲ್ಲಿ ಮನವರಿಕೆಯಾಯಿತು. ಊಹೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ ಎಂದು ಮೇಷ್ಟ್ರು ಹೇಳಿದರು, ಮತ್ತು ಮುಂದಿನ ವಾರಗಳಲ್ಲಿ ಇದನ್ನು ಅಕ್ಷರಶಃ ಮಾಡಿಸಿದರು: ಪತ್ರಿಕೆಯ ಲೇಖನದ ಅಂಚಿನಲ್ಲಿ ಪ್ರತಿಯೊಂದು ಅಪರಿಚಿತ ಪದಕ್ಕೂ ಪೆನ್ಸಿಲಿನಲ್ಲಿ ಊಹೆ, ಲೇಖನ ಮುಗಿದ ಮೇಲೆ ತಿದ್ದುಪಡಿ, ಕಟ್ಟಕಡೆಗೆ ನಿಘಂಟು.

ಸಹಜವಾಗಿ ಬರೆದ ಬರಹಕ್ಕೂ ಅಭ್ಯಾಸಕ್ಕಾಗಿ ಹೊಸೆದ ವಾಕ್ಯಕ್ಕೂ ಇರುವ ಈ ಅಂತರ ಹೊಸ ವಿಚಾರವೇನಲ್ಲ. ಐಸಬೆಲ್ ಬೆಕ್, ಮಾರ್ಗರೆಟ್ ಮೆಕೌನ್ ಮತ್ತು ಎಲೆನ್ ಮೆಕ್ಯಾಸ್ಲಿನ್ ಎಂಬ ಅಮೆರಿಕದ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಂದರ್ಭಗಳೆಲ್ಲ ಒಂದೇ ಬಗೆಯವಲ್ಲ ಎಂದು ವಾದಿಸಿ, ಅವುಗಳನ್ನು ನಾಲ್ಕು ತರಗಳಾಗಿ ವಿಂಗಡಿಸಿದ್ದರು: ಅರ್ಥದ ಕಡೆಗೆ ನೇರವಾಗಿ ಕರೆದೊಯ್ಯುವವು, ಸ್ಥೂಲವಾದ ದಿಕ್ಕನ್ನು ಮಾತ್ರ ತೋರಿಸುವವು, ಏನನ್ನೂ ಹೇಳದವು, ದಾರಿ ತಪ್ಪಿಸುವವು. ಪುಸ್ತಿಕೆಯಲ್ಲಿ ಇರುವುದು ಮೊದಲನೆಯ ತರದ್ದು ಮಾತ್ರ. ಲೇಖಕರು ತಮ್ಮ ಓದುಗರಿಗೆ ಪದಗಳು ಗೊತ್ತಿವೆ ಎಂದೇ ಭಾವಿಸಿ ಬರೆಯುತ್ತಾರೆ, ಪದ ಕಲಿಸುವುದಕ್ಕಾಗಿ ಬರೆಯುವುದಿಲ್ಲ. ಹೀಗಿರುವಾಗ ಪತ್ರಿಕೆಯ ಪುಟದಲ್ಲಿ ಉಳಿದ ಮೂರು ತರಗಳೇ ಹೆಚ್ಚಾಗಿ ಎದುರಾಗುತ್ತವೆ.

ದಾರಿ ತಪ್ಪಿಸುವ ಸಂದರ್ಭಕ್ಕೆ ನನ್ನ ಉದ್ಯೋಗದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೂರು ತಿಂಗಳ 'ಮೊರಟೋರಿಯಂ' ನೀಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಆ ದಿನಗಳ ಸುದ್ದಿಯಲ್ಲಿ ಈ ಪದದ ಅಕ್ಕಪಕ್ಕ ಇದ್ದ ಮಾತುಗಳನ್ನು ನೆನಪಿಸಿಕೊಳ್ಳಿ: ಸಾಲಗಾರರಿಗೆ ನೆಮ್ಮದಿ, ಕಂತು ಕಟ್ಟಬೇಕಿಲ್ಲ, ಸಂಕಷ್ಟದಲ್ಲಿ ನೆರವು. ಈ ಸುಳಿವುಗಳನ್ನೆಲ್ಲ ಕೂಡಿಸಿ, ಆ ಪದವನ್ನು ಹಿಂದೆಂದೂ ಕೇಳದ ಒಬ್ಬ ಬುದ್ಧಿವಂತ ಓದುಗ ಏನೆಂದು ಊಹಿಸಬೇಕು? ಮನ್ನಾ ಎಂದೇ ಊಹಿಸಬೇಕು, ಹಾಗೆಯೇ ಊಹಿಸಿದವರನ್ನು ನಾನು ಕೌಂಟರಿನ ಆಚೆ ಕಂಡಿದ್ದೇನೆ. ಪದದ ನಿಜವಾದ ಅರ್ಥ ಮುಂದೂಡಿಕೆ ಎಂದಷ್ಟೇ. ಆ ತಿಂಗಳುಗಳಲ್ಲಿ ಬಾಕಿ ಅಸಲಿನ ಮೇಲೆ ಬಡ್ಡಿ ಬೆಳೆಯುತ್ತಲೇ ಇತ್ತು. 'ಸರ್, ಮೂರು ತಿಂಗಳದ್ದು ಬಿಟ್ಟಿದ್ದಾರಲ್ವಾ, ಮತ್ತೆ ಲೆಕ್ಕ ಯಾಕೆ ಜಾಸ್ತಿ ಆಗಿದೆ?' ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಊಹಿಸುವುದರಲ್ಲಿ ಅವರು ಎಡವಿರಲಿಲ್ಲ. ಊಹಿಸಿದ್ದನ್ನು ಪರೀಕ್ಷಿಸದೆ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹಣ, ಔಷಧ, ಒಪ್ಪಂದ ಈ ಮೂರರ ಕಾಗದಗಳಲ್ಲಿ ಊಹೆಗೆ ಜಾಗ ಕೊಡಬಾರದು ಎಂಬ ಒಂದು ಎಚ್ಚರಿಕೆಯ ವಾಕ್ಯವಾದರೂ ಈ ತರಗತಿಯ ಪುಸ್ತಿಕೆಯಲ್ಲಿ ಇರಬೇಕಿತ್ತು. ಇಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಬ್ಯಾಂಕಿನಲ್ಲೇ ಸಿಗುತ್ತದೆ. ಮೊಬೈಲಿನಲ್ಲಿ ಖಾತೆಯ ವಿವರ ತೆರೆದಾಗ ಒಟ್ಟು ಶಿಲ್ಕು 20,000, 'ಲೀಯನ್' 5,000, ಬಳಸಬಹುದಾದ ಶಿಲ್ಕು 15,000 ಎಂದು ಮೂರು ಸಾಲುಗಳು ಕಾಣಿಸಿದರೆ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಅದು ತಡೆಹಿಡಿದ ಹಣ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಇಲ್ಲಿ ಸುಳಿವು ಪದಗಳಲ್ಲಿಲ್ಲ, ಕಳೆಯುವ ಲೆಕ್ಕದಲ್ಲಿದೆ. ಎಂಟನೆಯ ವಾರ ನಾನು ಈ ಉದಾಹರಣೆಯನ್ನು ಹೇಳಿದಾಗ ಮೇಷ್ಟ್ರು ಅದನ್ನು ಎತ್ತಿಕೊಂಡು, ಕೋಷ್ಟಕ, ನಕ್ಷೆ, ಚಿತ್ರದ ಕೆಳಗಿನ ಬರಹ, ಶೀರ್ಷಿಕೆ ಇವುಗಳಿಂದ ಪದದ ಅರ್ಥವನ್ನು ಹೊರಡಿಸುವುದನ್ನು ಒಂದು ಗಂಟೆ ವಿಸ್ತರಿಸಿದರು. ಎದುರಿಗಿರುವವರ ಬದುಕಿನಿಂದ ಪಾಠವನ್ನು ಎತ್ತಿಕೊಳ್ಳುವ ಈ ಗುಣ ಮೊದಲ ಆರು ವಾರಗಳ ಪಾಠದಲ್ಲಿ ಇರಲಿಲ್ಲ. ತಡೆಹಿಡಿದ ಹಣ ಎಂಬಲ್ಲಿಗೆ ಊಹೆ ನಿಲ್ಲುತ್ತದೆ, ಅದನ್ನು ತಡೆಹಿಡಿಯುವ ಕಾನೂನಿನ ಹಕ್ಕು ಎಂಬ ಒಳಗಿನ ಅರ್ಥ ಆ ಮೂರು ಸಾಲುಗಳಿಂದ ಬರುವುದಿಲ್ಲ ಎಂಬುದನ್ನೂ ಅವರು ಸೇರಿಸಿದ್ದು ಮೆಚ್ಚತಕ್ಕದ್ದು.

ಇನ್ನು ಓದಲು ಆಯ್ದುಕೊಟ್ಟ ಬರಹಗಳ ವಿಚಾರ. ಇಲ್ಲಿ ನನ್ನ ದೂರು ದೊಡ್ಡದು. ಹು ಮತ್ತು ನೇಷನ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕಥೆಯನ್ನು ಯಾರ ನೆರವೂ ಇಲ್ಲದೆ ತೃಪ್ತಿಕರವಾಗಿ ಅರ್ಥಮಾಡಿಕೊಳ್ಳಬೇಕಾದರೆ ಅದರ ಪದಗಳಲ್ಲಿ ಶೇ 98ರಷ್ಟು ಓದುಗನಿಗೆ ಗೊತ್ತಿರಬೇಕು. ಅಂದರೆ ಐವತ್ತು ಪದಗಳಿಗೆ ಒಂದು ಮಾತ್ರ ಅಪರಿಚಿತವಾಗಿರಬಹುದು. ಊಹೆಗೂ ಇದೇ ಆಧಾರ: ಸುತ್ತಲಿನ ಪದಗಳು ಗೊತ್ತಿದ್ದರೆ ತಾನೇ ಅವು ಸುಳಿವು ಕೊಡುವುದು? ನಮಗೆ ಮೊದಲ ವಾರಗಳಲ್ಲೇ ಕೊಟ್ಟ ಇಂಗ್ಲಿಷ್ ಪತ್ರಿಕೆಯ ಅರ್ಥಶಾಸ್ತ್ರದ ಲೇಖನಗಳಲ್ಲಿ ಸಾಲಿಗೊಂದರಂತೆ ಗೊತ್ತಿಲ್ಲದ ಪದಗಳಿದ್ದವು. ಒಂದು ಅಪರಿಚಿತ ಪದದ ಅರ್ಥವನ್ನು ಪಕ್ಕದ ಮತ್ತೊಂದು ಅಪರಿಚಿತ ಪದದಿಂದ ಹೊರಡಿಸುವುದು ಯಾವ ವಿಧಾನದಿಂದಲೂ ಸಾಧ್ಯವಿಲ್ಲ. ಬ್ಯಾಂಕಿನಲ್ಲಿರುವ ನನಗೆ 'ಹಾಕಿಶ್', 'ಡವಿಶ್' ಎಂಬ ಪದಗಳು ಬಡ್ಡಿದರದ ಬಗೆಗಿನ ಬಿಗಿ ಮತ್ತು ಸಡಿಲ ನಿಲುವುಗಳು ಎಂದು ಗೊತ್ತಿದ್ದರಿಂದ ಲೇಖನ ದಾಟಿತು. 'ಹಾಕ್' ಎಂದರೆ ಗಿಡುಗ, 'ಡವ್' ಎಂದರೆ ಪಾರಿವಾಳ ಎಂದಷ್ಟೇ ಗೊತ್ತಿದ್ದ, ಪಕ್ಕದಲ್ಲಿ ಕೂತಿದ್ದ ನರ್ಸೊಬ್ಬರು ಗಿಡುಗವನ್ನೂ ಪಾರಿವಾಳವನ್ನೂ ಹಿಡಿದುಕೊಂಡು ರಿಸರ್ವ್ ಬ್ಯಾಂಕಿನ ಬಾಗಿಲಲ್ಲೇ ನಿಂತರು. ಅದೇ ಅವರು, ರಕ್ತದೊತ್ತಡದ ಬಗೆಗಿನ ಒಂದು ಲೇಖನ ಬಂದಾಗ ನಾವು ತಡವರಿಸಿದ ಪದಗಳನ್ನೆಲ್ಲ ಸರಾಗವಾಗಿ ಊಹಿಸಿ ಹೇಳಿದರು. ವಿಷಯಜ್ಞಾನವೇ ಅತಿ ದೊಡ್ಡ ಸುಳಿವು ಎಂಬುದು ನಮ್ಮಿಬ್ಬರ ಅನುಭವದಲ್ಲೇ ಇತ್ತು. ಸಂಸ್ಥೆಯವರು ಸೇರುವಾಗಲೇ ಪ್ರತಿಯೊಬ್ಬರ ಉದ್ಯೋಗವನ್ನು ಅರ್ಜಿಯಲ್ಲಿ ಬರೆಸಿಕೊಂಡೂ ಆ ಮಾಹಿತಿಯನ್ನು ಬಳಸಲಿಲ್ಲ.

ಊಹಿಸಿದ ಪದ ನೆನಪಿನಲ್ಲಿ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಸ್ವಾನ್‌ಬಾರ್ನ್ ಮತ್ತು ದ ಗ್ಲಾಪರ್ ಎಂಬ ಡಚ್ ವಿದ್ವಾಂಸರು 1999ರಲ್ಲಿ, ಅದುವರೆಗಿನ ಇಪ್ಪತ್ತು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ವಿದ್ಯಾರ್ಥಿಗಳು ಸುಮ್ಮನೆ ಓದುತ್ತಾ ಹೋದಾಗ ಎದುರಾಗುವ ಅಪರಿಚಿತ ಪದಗಳಲ್ಲಿ ಸುಮಾರು ಶೇ 15ರಷ್ಟನ್ನು ಮಾತ್ರ ಕಲಿಯುತ್ತಾರೆ ಎಂಬ ತೀರ್ಮಾನಕ್ಕೆ ಬಂದರು. ಅದು ಕಡಿಮೆಯಲ್ಲ, ಬಹಳ ಓದುವವರಿಗೆ ವರ್ಷದಲ್ಲಿ ಅದು ದೊಡ್ಡ ರಾಶಿಯಾಗುತ್ತದೆ. ಹತ್ತು ವಾರಗಳ ತರಗತಿಗೆ ಮಾತ್ರ ಅದು ಸಾಲುವುದಿಲ್ಲ. ಆದ್ದರಿಂದಲೇ ಕೊನೆಗೆ ನಿಘಂಟನ್ನು ತೆರೆಸಿದ ಎರಡನೆಯ ಮೇಷ್ಟ್ರ ಕ್ರಮ ಕರಪತ್ರದ ಘೋಷಣೆಗಿಂತ ಸರಿಯಾದದ್ದು. ಅವರು ಕನ್ನಡ ಅರ್ಥ ಕೊಡುವ ನಿಘಂಟಿನ ಜೊತೆಗೆ, ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟುಗಳನ್ನೂ ಪರಿಚಯಿಸಿದರು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು ಎರಡು ಸಾವಿರ ಸರಳ ಪದಗಳಲ್ಲೇ ಎಲ್ಲ ಪದಗಳ ಅರ್ಥವನ್ನೂ ವಿವರಿಸುತ್ತದೆ. 1987ರ ಕೋಬಿಲ್ಡ್ ನಿಘಂಟು ಅರ್ಥವನ್ನೇ ಒಂದು ಪೂರ್ಣ ವಾಕ್ಯವಾಗಿ, ಪದವನ್ನು ಅದರ ಸಹಜವಾದ ಜಾಗದಲ್ಲಿಟ್ಟು ಹೇಳುತ್ತದೆ. ಅಂಥ ನಿಘಂಟನ್ನು ತೆರೆಯುವುದೂ ಸಂದರ್ಭದಿಂದ ಅರ್ಥ ಹಿಡಿಯುವ ಕೆಲಸವೇ ಆಗಿರುವುದರಿಂದ, ನಿಘಂಟು ಮತ್ತು ಊಹೆ ಒಂದಕ್ಕೊಂದು ವಿರೋಧಿಗಳೆಂಬಂತೆ ಪ್ರಚಾರ ಮಾಡುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕನ್ನಡದಲ್ಲಿ ಈ ಬಗೆಯ ತೃಪ್ತಿಯನ್ನು ಬಯಸುವವರು, ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಗ್ರಂಥಾಲಯದಲ್ಲಿ ಒಮ್ಮೆ ತೆರೆದು ನೋಡಬೇಕು; ಪದದ ಅರ್ಥದೊಡನೆ ಶಾಸನ ಮತ್ತು ಕಾವ್ಯಗಳಲ್ಲಿನ ಪ್ರಯೋಗಗಳನ್ನೂ ಅದು ಕೊಡುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಗಾಗಿ ಸೇರಲು ಬಯಸುವವರಿಗೂ ಎರಡು ಮಾತು ಹೇಳಬೇಕು. ಬ್ಯಾಂಕು ನೇಮಕಾತಿ ಪರೀಕ್ಷೆಗಳ ಇಂಗ್ಲಿಷ್ ಭಾಗದಲ್ಲಿ, ಗದ್ಯಭಾಗದಲ್ಲಿ ಬಳಸಿರುವ ಪದಕ್ಕೆ ಅಲ್ಲಿನ ಸಂದರ್ಭದಲ್ಲಿ ಅತಿ ಸಮೀಪದ ಅರ್ಥವನ್ನು ಆರಿಸುವ ಪ್ರಶ್ನೆಗಳೂ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳೂ ಬರುತ್ತವೆ. ಅವುಗಳಿಗೆ ಈ ತರಗತಿಯ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆಯ್ಕೆಗಳು ಕಣ್ಣೆದುರಿಗೇ ಇರುವುದರಿಂದ ಅರ್ಧ ಸರಿಯಾದ ಊಹೆಯೂ ಅಲ್ಲಿ ಸಾಕಾಗುವುದುಂಟು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುವ ನಿಯಮವಿರುವುದರಿಂದ, ಯಾವ ಊಹೆಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೂ ಬೇಕು. ಅದನ್ನು ಎರಡನೆಯ ಮೇಷ್ಟ್ರು ಮಾತ್ರ ಕಲಿಸುತ್ತಾರೆ. ಗಡಿಯಾರ ಇಟ್ಟುಕೊಂಡು ಮಾಡುವ ಅಭ್ಯಾಸ ಇಲ್ಲಿ ಇಲ್ಲವೇ ಇಲ್ಲವಾದ್ದರಿಂದ ಪರೀಕ್ಷೆಗೆ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಣೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಹಲಗೆ ಹಿಂದಿನ ಬೆಂಚಿಗೂ ಕಾಣುತ್ತದೆ, ಚಹಾ ಚೆನ್ನಾಗಿರುತ್ತದೆ. ಒಂದು ತಂಡಕ್ಕೆ ಇಪ್ಪತ್ತೈದು ಜನರಿಗಿಂತ ಹೆಚ್ಚು ಸೇರಿಸುವುದಿಲ್ಲ ಎಂಬ ಮಾತನ್ನು ಅವರು ಉಳಿಸಿಕೊಂಡಿದ್ದಾರೆ. ತಪ್ಪಿಸಿಕೊಂಡ ತರಗತಿಯನ್ನು ಮತ್ತೊಂದು ತಂಡದ ಜೊತೆ ಕೂತು ಕೇಳಲು ಬಿಡುತ್ತಾರೆ, ಇದು ಪಾಳಿಯಲ್ಲಿ ಕೆಲಸ ಮಾಡುವವರಿಗೆ ನಿಜವಾದ ಅನುಕೂಲ.

ಪತ್ರಿಕೆಯ ಸುದ್ದಿಯನ್ನು ಒಂದು ಮಟ್ಟಿಗೆ ಓದಿಕೊಳ್ಳಬಲ್ಲವರು, ಅಪರಿಚಿತ ಪದ ಕಂಡ ಕೂಡಲೇ ಧೈರ್ಯಗೆಡುವವರು ಸೇರಬಹುದು. ಇಂಗ್ಲಿಷಿನ ಸರಳ ಕಥೆಯನ್ನೂ ಓದಲು ಕಷ್ಟಪಡುವವರು ಈಗಲೇ ಸೇರುವುದು ಬೇಡ. ಅವರಿಗೆ ಬೇಕಾಗಿರುವುದು ಪದಗಳು, ಊಹೆಯ ವಿಧಾನವಲ್ಲ, ಅದಕ್ಕೆ ಮಕ್ಕಳ ಪುಸ್ತಕಗಳನ್ನು ಹಿಡಿದು ಆರು ತಿಂಗಳು ಕೂರುವುದು ಅಗ್ಗವೂ ಹೌದು, ಉತ್ತಮವೂ ಹೌದು. ಸೇರುವ ಮುನ್ನ ಕೊನೆಯ ನಾಲ್ಕು ವಾರಗಳನ್ನು ಯಾವ ಮೇಷ್ಟ್ರು ತೆಗೆದುಕೊಳ್ಳುತ್ತಾರೆ ಎಂದು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ, ಎಲ್ಲ ತಂಡಗಳಿಗೂ ಅವರೇ ಬರುವುದಿಲ್ಲ. ಅಭ್ಯಾಸ ಪುಸ್ತಿಕೆಯನ್ನು ಮಾತ್ರ ಬಿಡಿಯಾಗಿ 350 ರೂಪಾಯಿಗೆ ಮಾರುತ್ತಿದ್ದಾರೆ, ಅದನ್ನು ಕೊಳ್ಳಬೇಡಿ.